ಕಾಕ್‌ಪಿಟ್‌ನಲ್ಲಿ ಏನಾದರೂ ಕೈಕೊಟ್ಟರೆ ಮೊದಲು ಏನು ಮಾಡಬೇಕು?

ಹಾರುತ್ತಿರುವಾಗ ಟಿಂಗ್ ಅಂತ ಸದ್ದಾಗಿ ಎದುರಿಗೆ ಹಳದಿ ದೀಪ ಹತ್ತಿದರೆ ಕೈ ತಾನಾಗಿ ಯಾವುದೋ ಸ್ವಿಚ್ ಕಡೆಗೆ ಹೋಗುತ್ತದೆ. ತಡೆಯಿರಿ. ವಿಮಾನ ಈಗ ಯಾರ ಕೈಯಲ್ಲಿದೆ ಅನ್ನೋದು ಮೊದಲು ಖಚಿತವಾಗಬೇಕು. ಒಬ್ಬರು 'ಐ ಹ್ಯಾವ್ ಕಂಟ್ರೋಲ್' ಅಂತ ಬಾಯಿಬಿಟ್ಟು ಹೇಳಿ ಹಾರಿಸಬೇಕು, ಕೆಟ್ಟದ್ದನ್ನು ಇನ್ನೊಬ್ಬರು ನೋಡಬೇಕು. ಟ್ರೇನಿಂಗ್‌ನಲ್ಲಿರಲಿ, ಮನೆಯ ಸಿಮ್ಯುಲೇಟರ್‌ನಲ್ಲಿರಲಿ, ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. 1972ರ ಡಿಸೆಂಬರ್ 29ರಂದು ಈಸ್ಟರ್ನ್ 401 ವಿಮಾನ ಮಯಾಮಿಯಲ್ಲಿ ಇಳಿಯಬೇಕಿತ್ತು. ಮುಂದಿನ ಚಕ್ರ ಇಳಿದು ಬಿಗಿಯಾಗಿದೆ ಅಂತ ತೋರಿಸುವ ಹಸಿರು ದೀಪ ಹತ್ತಲಿಲ್ಲ. ಬಲ್ಬ್ ಸುಟ್ಟಿತ್ತು, ಅಷ್ಟೇ. 2000 ಅಡಿಯಲ್ಲಿ ಆಟೋಪೈಲಟ್ ಹಾಕಿ ಎಲ್ಲರೂ ಆ ಬಲ್ಬ್ ಹಿಂದೆ ಬಿದ್ದರು, ಎತ್ತರ ಹಿಡಿದಿಡುವ ಮೋಡ್ ಬಿಟ್ಟುಹೋಗಿ ವಿಮಾನ ಮೆಲ್ಲಗೆ ಇಳಿಯುತ್ತಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಸುಮಾರು ನೂರು ಜನ ಸತ್ತರು, ಒಂದು ಬಲ್ಬಿಗೆ.

ಯಾರು ಹಾರಿಸೋದು ಅಂತ ಆದಮೇಲೆ ಸಂದೇಶವನ್ನು ಗಟ್ಟಿಯಾಗಿ ಓದಿ. ಏರ್‌ಬಸ್‌ನಲ್ಲಾದರೆ ಇಕ್ಯಾಮ್ ಅನ್ನೋ ಎಚ್ಚರಿಕೆಯ ಪರದೆಯಲ್ಲೇ ಹೆಜ್ಜೆಗಳು ಬರುತ್ತವೆ, ಬೋಯಿಂಗ್ 737ನಂಥದ್ದರಲ್ಲಿ ಕ್ಯೂಆರ್‌ಎಚ್ ಅನ್ನೋ ಕೈಪಿಡಿಯ ಚೆಕ್‌ಲಿಸ್ಟ್ ತೆಗೆಯಬೇಕು. ಬಾಯಿಪಾಠ ಇರಬೇಕಾದ ಹೆಜ್ಜೆಗಳು ಕಡಿಮೆ, ಉಳಿದದ್ದನ್ನೆಲ್ಲ ಓದಿಯೇ ಮಾಡಿ.

ಪರದೆಗಳಲ್ಲಿ ಸಂಖ್ಯೆ ಬೇರೆ ಬೇರೆ ತೋರಿಸುತ್ತಿದ್ದರೆ ಕ್ಯಾಪ್ಟನ್ ಕಡೆಯದು, ಫಸ್ಟ್ ಆಫೀಸರ್ ಕಡೆಯದು, ನಡುವಿನ ಸ್ಟ್ಯಾಂಡ್‌ಬೈ (ಮೀಸಲು) ಮಾಪಕ ಮೂರನ್ನೂ ಹೋಲಿಸಿ. ಎರಡು ಒಂದೇ ತೋರಿಸಿದವು ಅಂತ ತಕ್ಷಣ ನಂಬಬೇಡಿ, ಎರಡೂ ಒಟ್ಟಿಗೆ ತಪ್ಪಾಗಿರಬಹುದು.

ಜಾಸ್ತಿ ಅಪಾಯ ವೇಗದ ಮಾಪಕ ಕೆಟ್ಟಾಗ. 2009ರಲ್ಲಿ ಏರ್ ಫ್ರಾನ್ಸ್ 447ರ ಪಿಟೋ ಕೊಳವೆಗಳಲ್ಲಿ (ಎದುರಿನ ಗಾಳಿಯ ಒತ್ತಡದಿಂದ ವೇಗ ಅಳೆಯುವವು) ಐಸ್ ಕಟ್ಟಿತು, ವೇಗದ ಲೆಕ್ಕ ತಪ್ಪಿತು, ಆಟೋಪೈಲಟ್ ಬಿಟ್ಟುಕೊಟ್ಟಿತು. ಆಮೇಲೆ ಮೂಗನ್ನು ಮೇಲಕ್ಕೆ ಎಳೆದು ಹಿಡಿದದ್ದರಿಂದ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತಿಹಿಡಿಯುವ ಬಲ ಕಳೆದುಕೊಂಡು, 228 ಜನ ಹೋದರು. ಇಂಥ ಹೊತ್ತಲ್ಲಿ ಆಟೋಪೈಲಟ್, ಆಟೋಥ್ರಾಟಲ್ (ಎಂಜಿನ್ ಪವರ್ ತಾನೇ ಹೊಂದಿಸುವುದು), ಫ್ಲೈಟ್ ಡೈರೆಕ್ಟರ್ (ಮೂಗು ಎತ್ತ ಇಡಬೇಕು ಅಂತ ಪರದೆಯಲ್ಲಿ ತೋರಿಸುವ ಗೆರೆಗಳು) ಮೂರನ್ನೂ ಆಫ್ ಮಾಡಿ. ಮೂಗಿನ ಕೋನ, ಎಂಜಿನ್ ಪವರ್ ಎರಡನ್ನೇ ಹಿಡಿದುಕೊಳ್ಳಿ. ಬೋಯಿಂಗ್ 737 ಎನ್‌ಜಿಯಲ್ಲಿ ಫ್ಲಾಪ್ (ರೆಕ್ಕೆಯಿಂದ ಹೊರಚಾಚುವ ಭಾಗ) ಒಳಗಿದ್ದರೆ ಮೂಗು 4 ಡಿಗ್ರಿ ಮೇಲೆ, ಎನ್1 (ಎಂಜಿನ್ ಫ್ಯಾನ್ ತಿರುಗುವ ವೇಗ) ಶೇ. 75. ಫ್ಲಾಪ್ ಹೊರಗಿದ್ದರೆ 10 ಡಿಗ್ರಿ, ಶೇ. 80. ಬೇರೆ ವಿಮಾನಕ್ಕೆ ಬೇರೆ ಸಂಖ್ಯೆ, ನಿಮ್ಮದರ ಪುಸ್ತಕ ನೋಡಿ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಎತ್ತರದ ಬಗ್ಗೆ ಅನುಮಾನ ಬಂದಾಗ ಎಟಿಸಿಯನ್ನು (ನೆಲದ ಮೇಲಿನ ವಾಯು ಸಂಚಾರ ನಿಯಂತ್ರಣ) ಕೇಳಿದರೆ ಅವರು ಹೇಳೋದು ನಿಮ್ಮ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತು, ಎತ್ತರ ಕಳಿಸುವ ಸಾಧನ) ಕಳಿಸಿದ ಅದೇ ಸಂಖ್ಯೆ! 1996ರಲ್ಲಿ ಏರೋಪೆರು 603ರ ಸ್ಟ್ಯಾಟಿಕ್ ರಂಧ್ರಗಳ (ಎತ್ತರ, ವೇಗ ಅಳೆಯಲು ಹೊರಗಿನ ಗಾಳಿಯ ಒತ್ತಡ ತೆಗೆದುಕೊಳ್ಳುವ ತೂತುಗಳು) ಮೇಲೆ ಟೇಪ್ ಉಳಿದುಹೋಗಿತ್ತು. ರಾತ್ರಿ ಸಮುದ್ರದ ಮೇಲೆ ಪೈಲಟ್‌ಗಳು ಕಂಟ್ರೋಲರ್‌ರನ್ನು ಎತ್ತರ ಕೇಳಿದರು, ಸಿಕ್ಕಿದ್ದು ಅದೇ ತಪ್ಪು ಎತ್ತರ. ಜಿಪಿಎಸ್ ಎತ್ತರ, ನೆಲಕ್ಕೆ ಹತ್ತಿರವಿದ್ದರೆ ರೇಡಿಯೋ ಆಲ್ಟಿಮೀಟರ್ ನೋಡಿ, ಇವು ಆ ರಂಧ್ರಗಳನ್ನು ನಂಬಿಕೊಂಡಿಲ್ಲ.

ವಿಮಾನ ಸ್ಥಿರವಾದ ಮೇಲೆ ಎಟಿಸಿಗೆ ಹೇಳಿ. ತುರ್ತು ಆದರೆ 'ಪ್ಯಾನ್ ಪ್ಯಾನ್', ಪ್ರಾಣಕ್ಕೇ ಅಪಾಯ ಆದರೆ 'ಮೇಡೇ', ಮೂರು ಸಲ. ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಕೇತ 7700 ಹಾಕಿ, ರೇಡಿಯೋನೇ ಸತ್ತಿದ್ದರೆ 7600. ಸಂಕೋಚ ಬೇಡ, ಸಹಾಯ ಬೇಕು ಅಂತ ಸ್ಪಷ್ಟವಾಗಿ ಹೇಳಿದರೆ ದಾರಿ ಬಿಟ್ಟುಕೊಡುತ್ತಾರೆ.

ಹೊಗೆ, ಬೆಂಕಿ ಇದ್ದರೆ ಬೇಗ ಇಳಿಯಲೇಬೇಕು. ಇಲ್ಲದಿದ್ದರೆ ಆತುರ ಯಾಕೆ? 2010ರಲ್ಲಿ ಕ್ವಾಂಟಸ್ 32ರ ಎಂಜಿನ್ ಒಡೆದು ಪರದೆ ತುಂಬ ಎಚ್ಚರಿಕೆಗಳು ಬಂದಾಗ ಪೈಲಟ್‌ಗಳು ಸಿಂಗಪುರದ ಹತ್ತಿರ ಸುತ್ತು ಹೊಡೆಯುತ್ತಾ ಸುಮಾರು 50 ನಿಮಿಷ ಒಂದೊಂದನ್ನೇ ಓದಿ ಮುಗಿಸಿದರು. ಬ್ರೇಕ್ ಎಷ್ಟು ಉಳಿದಿದೆ, ರನ್‌ವೇ ಸಾಕಾಗುತ್ತದಾ ಅಂತ ಲೆಕ್ಕ ಹಾಕಿ ಆಮೇಲೆ ಇಳಿದರು. 469 ಜನರೂ ಉಳಿದರು.

ಟ್ರಿಪ್ ಆದ ಸರ್ಕಿಟ್ ಬ್ರೇಕರನ್ನು ನೋಡೋಣ ಅಂತ ಸುಮ್ನೆ ಒತ್ತಬೇಡಿ. ವೈರಿಂಗ್‌ನಲ್ಲಿ ಏನೋ ಸುಡುತ್ತಿರಬಹುದು, ಚೆಕ್‌ಲಿಸ್ಟ್ ಹೇಳಿದರೆ ಮಾತ್ರ ಮುಟ್ಟಿ.

ಇಳಿದಮೇಲೆ ಟೆಕ್ ಲಾಗ್‌ನಲ್ಲಿ (ವಿಮಾನದ ದೋಷ ಬರೆದಿಡುವ ಪುಸ್ತಕ) 'ಡಿಸ್‌ಪ್ಲೇ ಕೆಟ್ಟಿದೆ' ಅಂತಷ್ಟೇ ಬರೆದರೆ ಎಂಜಿನಿಯರ್‌ಗೆ ಏನೂ ಗೊತ್ತಾಗಲ್ಲ. ಯಾವ ಎತ್ತರದಲ್ಲಿ, ಏರುವಾಗಲೋ ಇಳಿಯುವಾಗಲೋ, ಪರದೆಯ ಮೇಲೆ ಬಂದ ಪದಗಳು ಏನು, ನೀವು ಏನೇನು ಮುಟ್ಟಿದಿರಿ ಎಲ್ಲ ಬರೆಯಿರಿ.