ವಿನೈಲ್ ಟಾಪಿನ ಹಳೇ ಕಾರು ಕೊಳ್ಳುವ ಮುಂಚೆ ಹಿಂದಿನ ಗಾಜಿನ ಬುಡ ನೋಡಿ

1960–70ರ ದಶಕದ ಅಮೆರಿಕನ್ ಕಾರುಗಳಲ್ಲಿ, ಅಂದರೆ ಡಾಡ್ಜ್ ಚಾರ್ಜರ್, ಫೋರ್ಡ್ ಎಲ್‌ಟಿಡಿ ತರಹದವುಗಳಲ್ಲಿ, ಟಾಪಿನ ಮೇಲೆ ಅಂಟಿಸಿದ ವಿನೈಲ್ ಹೊದಿಕೆ (ಚರ್ಮದಂತೆ ಕಾಣುವ ಪ್ಲಾಸ್ಟಿಕ್ ಹಾಳೆ) ಮಿಂಚುತ್ತಿದ್ದರೂ ಅಡಿಯ ತಗಡು ತಿಂದುಹೋಗಿರಬಹುದು. ಹೊಲಿಗೆಯಲ್ಲಿ, ಬೀಡಿಂಗ್ (ಅಂಚಿನ ಅಲಂಕಾರಿಕ ಪಟ್ಟಿ) ಹಿಡಿಯುವ ಕ್ಲಿಪ್ಪಿನ ಪಕ್ಕದಲ್ಲಿ ಇಳಿದ ನೀರು ಒಣಗದೆ ಅಲ್ಲೇ ನಿಲ್ಲುತ್ತದೆ.

ಉಬ್ಬಿದ ಕಡೆ ಹೆಬ್ಬೆರಳಲ್ಲಿ ಒತ್ತಿ. ಮೆತ್ತಗೆ ಕುಸಿದು ಮತ್ತೆ ಎದ್ದರೆ ಬರೀ ಅಂಟು ಬಿಟ್ಟಿರಬಹುದು. ಮರಳಿನಂತೆ ಕರಕರ ಅಂದರೆ ತುಕ್ಕಿನ ಹಕ್ಕಳೆ. ಸಾಮಾನ್ಯವಾಗಿ ಮೊದಲು ಹೋಗುವುದು ಹಿಂದಿನ ಗಾಜಿನ ಕೆಳ ಮೂಲೆಗಳು. ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ ಅಲ್ಲಿ ಆಡಿಸಿ. ಹಿಡಿತ ಸಡಿಲವಾದಲ್ಲಿ ಪುಟ್ಟಿ ಮೆತ್ತಿರುವ ಅನುಮಾನ. (ಸಿ-ಪಿಲ್ಲರ್, ಅಂದರೆ ಹಿಂದಿನ ಗಾಜಿನ ಪಕ್ಕದ ಕಂಬ, ಟಾಪಿಗೆ ಸೇರುವ ಜೋಡಣೆಯಲ್ಲಿ ಕಾರ್ಖಾನೆಯವರೇ ಸೀಸ ತುಂಬಿರುವುದುಂಟು, ಅದಕ್ಕೆ ಗಾಬರಿ ಬೇಡ.)

ಆಮೇಲೆ ಡಿಕ್ಕಿ ತೆಗೆದು, ಟಾರ್ಚ್ ಹಿಡಿದು, ಗಾಜಿನ ಕೆಳಗಿನ ತಗಡನ್ನು ಅಡಿಯಿಂದ ನೋಡಿ. ಕಂದು ಗೆರೆ ಇಳಿದಿದೆಯೇ? ಮ್ಯಾಟನ್ನೂ ಎತ್ತಿ.

ಮಾರುವವರು ಒಪ್ಪಿದರೆ ಒಂದು ಬೀಡಿಂಗ್ ಬಿಚ್ಚಿ, ಹೀಟ್ ಗನ್ ಕಡಿಮೆ ಬಿಸಿಯಲ್ಲಿಟ್ಟು 2 ಇಂಚು ವಿನೈಲ್ ಎತ್ತಿ ದಬ್ಬಣದಿಂದ ಚುಚ್ಚಿ. ತೂರಿಹೋದರೆ ಗಾಜು ಕಳಚಿ ಹೊಸ ತಗಡು ವೆಲ್ಡ್ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮಾರಾಟಕ್ಕೆಂದೇ ಹೊಸದಾಗಿ ಹೊದಿಸಿದ ಟಾಪು ಕಂಡರೆ, ಹಳೆಯದಕ್ಕಿಂತ ಹೆಚ್ಚು ಅನುಮಾನಿಸಿ.