ಬಾಸ್ಟನ್ ಪಬ್ಲಿಕ್ ಲೈಬ್ರರಿ ಬಿಲ್ಡಿಂಗ್ ನೋಡೋದು ಹೇಗೆ (ಊರಿಂದ ಅಪ್ಪ ಅಮ್ಮ ಬಂದಿದ್ರೆ ಓದಿ)

ಊರಿಂದ ಬಂದವ್ರಿಗೆ ಬಾಸ್ಟನ್‌ನಲ್ಲಿ ಏನ್ ತೋರ್ಸೋದು ಅಂತ ಯಾರು ಕೇಳಿದ್ರೂ ನಾನು ಹೇಳೋದು ಕಾಪ್ಲಿ ಸ್ಕ್ವೇರ್ ಲೈಬ್ರರಿನೇ. ಟಿಕೆಟ್ ಇಲ್ಲ, ಕಾರ್ಡ್ ಬೇಡ, ಹೊರಗೆ ಹಿಮ ಸುರೀತಿದ್ರೂ ಒಳಗೆ ಬೆಚ್ಚಗಿರುತ್ತೆ. ಆದ್ರೆ ಸೀದಾ ನುಗ್ಗಿ ನಾಕು ಸೆಲ್ಫಿ ತಗೊಂಡು ಬಂದ್ಬಿಟ್ರೆ ಏನೂ ನೋಡಿದ ಹಾಗಾಗಲ್ಲ, ಈ ಬಿಲ್ಡಿಂಗನ್ನ ಯಾವ ಕಡೆಯಿಂದ ಹೋಗ್ತೀವಿ ಅನ್ನೋದೇ ಮುಖ್ಯ.

ಬಾಯ್ಲ್‌ಸ್ಟನ್ ಸ್ಟ್ರೀಟ್ ಕಡೆ ಗಾಜಿನ ಬಾಗಿಲು ಕಾಣುತ್ತೆ, ಅದು 1972ರ ಹೊಸ ಭಾಗ, ಅಲ್ಲಿಂದ ಹೋಗ್ಬೇಡಿ. ಡಾರ್ಟ್‌ಮತ್ ಸ್ಟ್ರೀಟ್ ಕಡೆ ಬಂದು, ರಸ್ತೆ ದಾಟಿ ಟ್ರಿನಿಟಿ ಚರ್ಚ್ ಹತ್ರ ನಿಂತ್ಕೊಂಡು ಒಂದ್ಸಲ ಪೂರ್ತಿ ನೋಡಿ. 1895ರಲ್ಲಿ ಓಪನ್ ಆಗಿದ್ದು, ಆರ್ಕಿಟೆಕ್ಟ್ ಚಾರ್ಲ್ಸ್ ಮೆಕಿಮ್, ಪ್ಯಾರಿಸ್‌ನ ಸೇಂಟ್ ಜೆನೆವಿಯೆವ್ ಲೈಬ್ರರಿ ನೋಡ್ಕೊಂಡು ಈ ಮುಂಭಾಗ ಮಾಡಿದ್ದು. ಕೆಳಗೆ ದಪ್ಪ ಗ್ರಾನೈಟ್ ಗೋಡೆ, ಚಿಕ್ಕ ಕಿಟಕಿ, ಮೇಲೆ ಸಾಲಾಗಿ ದೊಡ್ಡ ದೊಡ್ಡ ಕಮಾನು ಕಿಟಕಿ. ಓದೋ ಹಾಲ್ ಎಲ್ಲಿದೆ ಅಂತ ರಸ್ತೆಯಿಂದಲೇ ಗೊತ್ತಾಗುತ್ತೆ.

ಆ ಕಿಟಕಿಗಳ ಕೆಳಗೆ ಕಲ್ಲಲ್ಲಿ ಹೆಸರುಗಳಿವೆ. ಅದರ ಹಿಂದೆ ಒಂದು ತರ್ಲೆ ಕಥೆ ಇದೆ, ಕಟ್ತಾ ಇದ್ದಾಗ ಒಂದು ಸಾಲಲ್ಲಿ ಮೋಸೆಸ್, ಸಿಸೆರೊ, ಕಾಳಿದಾಸ ಅಂತ ಶುರುವಾಗಿ ಮೊದಲ ಅಕ್ಷರಗಳನ್ನ ಇಂಗ್ಲಿಷಲ್ಲಿ ಕೂಡಿಸಿ ಓದಿದ್ರೆ ಮೆಕಿಮ್, ಮೀಡ್, ವೈಟ್ ಅಂತ ಆರ್ಕಿಟೆಕ್ಟ್ ಕಂಪನಿ ಹೆಸರೇ ಬರ್ತಿತ್ತು! 1892ರಲ್ಲಿ ಪೇಪರ್‌ನವ್ರು ಹಿಡಿದು ಗಲಾಟೆ ಆಗಿ ಅದನ್ನ ಅಳಿಸಿದ್ರು. ನಮ್ಮ ಕಾಳಿದಾಸನ್ನ ಅಲ್ಲಿಗೆ ಕರೆಸಿದ್ದು ಅವರ ಸ್ಪೆಲ್ಲಿಂಗ್‌ಗೆ ಒಂದು ಅಕ್ಷರ ಬೇಕು ಅಂತ, ಹೋಗ್ಲಿ ಬಿಡಿ.

ಬಾಗಿಲ ಮೇಲೆ "ಎಲ್ಲರಿಗೂ ಉಚಿತ" ಅಂತ ಇಂಗ್ಲಿಷಲ್ಲಿ ಕೆತ್ತಿರೋದು ನೋಡ್ಕೊಂಡು ಒಳಗೆ ಬನ್ನಿ, ಬಂದ ಕೂಡ್ಲೇ ತಲೆ ಎತ್ತಿ. ತುಂಬಾ ಜನ ಮಿಸ್ ಮಾಡೋದು ಇಲ್ಲೇ. ಈ ಬಿಲ್ಡಿಂಗಿನ ಕಮಾನು ಚಾವಣಿಗಳನ್ನ ಕಟ್ಟಿದ್ದು ಸ್ಪೇನ್‌ನಿಂದ ಬಂದ ರಫಾಯೆಲ್ ಗ್ವಾಸ್ತಾವಿನೊ. ನಮ್ಮ ಹಳೇ ಮನೆಗಳ ಮದ್ರಾಸ್ ತಾರಸಿ ಗೊತ್ತಲ್ವಾ, ಮರದ ತೊಲೆ ಹಾಕಿ ಮೇಲೆ ಇಟ್ಟಿಗೆ ಗಾರೆ? ಇಲ್ಲಿ ತೊಲೆನೇ ಇಲ್ಲ. ತೆಳು ಹೆಂಚಿನ ಬಿಲ್ಲೆಗಳನ್ನ ಬೇಗ ಗಟ್ಟಿಯಾಗೋ ಗಾರೆಯಲ್ಲಿ ಒಂದರ ಮೇಲೊಂದು ಪದರವಾಗಿ, ಸಂದು ಸಂದು ಒಂದೇ ಕಡೆ ಬರದ ಹಾಗೆ ಅಂಟಿಸ್ಕೊಂಡು ಹೋದ್ರೆ, ಆ ಬಾಗಿದ ಆಕಾರವೇ ಭಾರ ಹೊರುತ್ತೆ. ಬೆಂಕಿಗೂ ಹೆದರೋ ಹಾಗಿಲ್ಲ, ಪುಸ್ತಕ ಇಡೋ ಜಾಗಕ್ಕೆ ಅದಕ್ಕಿಂತ ಇನ್ನೇನ್ ಬೇಕು.

ಆಮೇಲೆ ಮೆಟ್ಟಿಲು. ಹಳದಿ ಸಿಯೆನಾ ಮಾರ್ಬಲ್, ಎರಡೂ ಕಡೆ ಸಿಂಹ, ಅಮೆರಿಕದ ಸಿವಿಲ್ ವಾರ್‌ನಲ್ಲಿ ಸತ್ತ ಇಲ್ಲಿನ ಸೈನಿಕರ ನೆನಪಿಗೆ ಇಟ್ಟಿದ್ದು. ಜನ ಬಾಲ ಸವರಿ ಸವರಿ ಹೊಳಪು ಬಂದಿದೆ. ಹತ್ತುವಾಗ ಅರ್ಜೆಂಟ್ ಮಾಡ್ಬೇಡಿ, ಮಂಡಿ ನೋವಿದ್ರೆ ಸಿಂಹದ ಹತ್ರ ನಿಂತು ಸುಧಾರಿಸ್ಕೊಳ್ಳಿ, ನೆಪ ಚೆನ್ನಾಗಿದೆ.

ಮೇಲೆ ಬೇಟ್ಸ್ ಹಾಲ್. 218 ಅಡಿ ಉದ್ದ, 50 ಅಡಿ ಎತ್ತರ, ಉದ್ದಕ್ಕೂ ಕಮಾನು ಸೀಲಿಂಗ್, ಹಸಿರು ಲ್ಯಾಂಪು. ನೀವು ರಸ್ತೆಯಿಂದ ನೋಡಿದ ಕಿಟಕಿಗಳು ಇವೇ. ಹೆಸರು ಬಂದಿದ್ದು ಜೋಶುವಾ ಬೇಟ್ಸ್ ಅನ್ನೋ ಬ್ಯಾಂಕರ್‌ದು, ಈ ಬಿಲ್ಡಿಂಗಿಗೂ ಮುಂಚೆ, 1852ರಲ್ಲಿ ಲೈಬ್ರರಿ ಶುರುಮಾಡೋಕೆ 50,000 ಡಾಲರ್ ಕೊಡುವಾಗ ಕಟ್ಟಡ ಊರಿಗೆ ಶೋಭೆ ತರೋ ಹಾಗಿರ್ಬೇಕು, ಎಲ್ಲರಿಗೂ ಫ್ರೀ ಇರ್ಬೇಕು ಅಂತ ಷರತ್ತು ಹಾಕಿದ್ರು. ಇಲ್ಲಿ ಮಾತಾಡ್ಬೇಡಿ, ಜನ ನಿಜವಾಗ್ಲೂ ಓದ್ತಾ ಇರ್ತಾರೆ. ಒಂದು ಖಾಲಿ ಕುರ್ಚಿ ಹಿಡಿದು ಹತ್ತು ನಿಮಿಷ ಕೂತ್ಕೊಳ್ಳಿ, ನಿಂತು ನೋಡಿದ್ದಕ್ಕೂ ಕೂತು ನೋಡಿದ್ದಕ್ಕೂ ಬಹಳ ವ್ಯತ್ಯಾಸ.

ಮೂರನೇ ಮಹಡಿಯಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಅನ್ನೋ ಅಮೆರಿಕನ್ ಪೇಂಟರ್ ಬರೆದ ಗೋಡೆ ಚಿತ್ರಗಳಿವೆ, ಶಕ್ತಿ ಇದ್ರೆ ಹೋಗಿ. ಇಲ್ಲಾಂದ್ರೆ ಕೆಳಗಿಳಿದು ಕಾರಂಜಿ ಇರೋ ಅಂಗಳಕ್ಕೆ, ಬಿಸಿಲಿದ್ದ ದಿನ ಅಪ್ಪ ಅಮ್ಮನ್ನ ಅಲ್ಲಿ ಕೂರಿಸಿದ್ರೆ ಎದ್ದೇಳೋದೇ ಇಲ್ಲ. ಆಮೇಲೆ ಒಳಗಿಂದಲೇ ಹೊಸ ಭಾಗಕ್ಕೆ ಹೋಗಿ ಬಾಯ್ಲ್‌ಸ್ಟನ್ ಸ್ಟ್ರೀಟ್ ಕಡೆ ಹೊರಗೆ ಬನ್ನಿ, ಕಾಪ್ಲಿ ಸ್ಟೇಷನ್ ಪಕ್ಕದಲ್ಲೇ ಇದೆ.