ಗಿಟಾರ್‌ನಿಂದ ಲೂಪಿಂಗ್ ಆ್ಯಪ್‌ಗೆ, ಅಲ್ಲಿಂದ ಆಂಪ್‌ಗೆ: ಜೋಡಿಸುವ ಕ್ರಮ

ನುಡಿಸಿದ ತುಣುಕನ್ನು ಸುತ್ತುಸುತ್ತಾಗಿ ಮೊಳಗಿಸಿ, ಅದರ ಮೇಲೆ ಪದರ ಪದರವಾಗಿ ನುಡಿಸುತ್ತ ಹೋಗುವ ಲೂಪಿಂಗ್ ಆ್ಯಪ್‌ಗಳನ್ನು ಕಲಿಯಲು ಅರ್ಧ ಗಂಟೆ ಸಾಕು. ವಾದ್ಯ, ಆಡಿಯೊ ಇಂಟರ್‌ಫೇಸ್ (ವಾದ್ಯದ ದನಿಯನ್ನು ಫೋನಿಗೆ ಕೊಟ್ಟು ಮರಳಿ ಹೊರತರುವ ಪೆಟ್ಟಿಗೆ), ಫೋನ್ ಮತ್ತು ಆಂಪ್ (ದನಿಯನ್ನು ಹಿಗ್ಗಿಸಿ ಮೊಳಗಿಸುವ ಪೆಟ್ಟಿಗೆ) ಇವುಗಳನ್ನು ಜೋಡಿಸಲು ಹೋಗಿ ಇಡೀ ಸಂಜೆ ಕಳೆದುಕೊಂಡವರನ್ನು ಮಾತ್ರ ನಾನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಎಡವಿದ್ದು ಕೊನೆಯ ಕೇಬಲ್‌ನಲ್ಲಿ, ಅಂದರೆ ಇಂಟರ್‌ಫೇಸ್‌ನಿಂದ ಆಂಪ್‌ಗೆ ಹೋಗುವ ಕೇಬಲ್‌ನಲ್ಲಿ.

ಮೊದಲು ಆಂಪ್‌ನ ಸ್ವಿಚ್ ಆಫ್ ಮಾಡಿ, ಅದರ ವಾಲ್ಯೂಮ್ ಸೊನ್ನೆಗೆ ಇಳಿಸಿ. ಮುಂದಿನ ಎಲ್ಲ ಕೆಲಸವನ್ನೂ ಹೆಡ್‌ಫೋನ್ ಹಾಕಿಕೊಂಡೇ ಮುಗಿಸಬೇಕು. ಆಂಪ್ ಕಟ್ಟಕಡೆಗೆ ಬರುತ್ತದೆ.

ಗಿಟಾರ್‌ನ ಕೇಬಲ್ಲನ್ನು ಇಂಟರ್‌ಫೇಸ್‌ನ ಮೊದಲ ಇನ್‌ಪುಟ್‌ಗೆ ಸಿಕ್ಕಿಸಿ, ಅದರ ಪಕ್ಕದ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಗುಂಡಿಯನ್ನು ಒತ್ತಿ. ಗಿಟಾರ್‌ನ ಪಿಕಪ್‌ಗೆ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಕ್ಕೆ, ಸುಮಾರು 1 ಮೆಗಾಓಮ್‌ನಷ್ಟು ಇಂಪಿಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) ಇರುವ ಇನ್‌ಪುಟ್ ಬೇಕು. ಆ ಗುಂಡಿ ಒತ್ತದಿದ್ದರೆ ದನಿಯ ಮೇಲ್ಭಾಗದ ಹೊಳಪು ಸತ್ತು, ಕಂಬಳಿಯೊಳಗಿಂದ ನುಡಿಸಿದಂತೆ ಕೇಳಿಸುತ್ತದೆ. ಪಿಟೀಲಿಗೋ ಮರದ ಗಿಟಾರ್‌ಗೋ ಅಂಟಿಸುವ ಪೀಜೊ ಪಿಕಪ್‌ಗಳ ವಿಷಯದಲ್ಲಿ ಕೆಳಸ್ವರಗಳು ತೆಳುವಾಗುತ್ತವೆ. ಮುಂದೆ ಹೇಳುವಂತೆ ಇಂಟರ್‌ಫೇಸನ್ನು ಫೋನ್‌ಗೆ ಜೋಡಿಸಿದ ಬಳಿಕ, ನೀವು ನುಡಿಸುವುದರಲ್ಲಿ ಅತ್ಯಂತ ಜೋರಿನ ಮೀಟು ಯಾವುದೋ ಅದನ್ನೇ ಮೀಟುತ್ತ, ಮೀಟರ್ −12 ಡಿಬಿ ಆಸುಪಾಸಿಗೆ ಏರುವಂತೆ ಗೇನ್ (ಒಳಬರುವ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಹೊಂದಿಸಿ. ಕೆಂಪು ದೀಪ ಒಮ್ಮೆ ಮಿನುಗಿದರೂ ಗೇನ್ ಇಳಿಸಿ. ಒಂದು ಸಲ ಒಡೆದ ದನಿ ಲೂಪಿನಲ್ಲಿ ಪ್ರತಿ ಸುತ್ತಿಗೂ ಒಡೆದೇ ಕೇಳಿಸುತ್ತದೆ.

ಇಂಟರ್‌ಫೇಸನ್ನು ಯುಎಸ್‌ಬಿ ಕೇಬಲ್‌ನಿಂದ ಫೋನ್‌ಗೋ ಟ್ಯಾಬ್ಲೆಟ್‌ಗೋ ಜೋಡಿಸಿ. ಇಂಟರ್‌ಫೇಸ್‌ನ ದೀಪ ಹತ್ತಿ ಆರುತ್ತಿದ್ದರೆ ಫೋನ್ ಕೊಡುವ ವಿದ್ಯುತ್ ಅದಕ್ಕೆ ಸಾಲದೆಂದು ತಿಳಿದು, ನಡುವೆ ಸ್ವಂತ ಅಡಾಪ್ಟರ್ ಇರುವ ಹಬ್ ಒಂದನ್ನು ಹಾಕಿ. ಖರ್ಚು ಉಳಿಸಲೆಂದು ಫೋನಿನ ಹೆಡ್‌ಫೋನ್ ಜ್ಯಾಕಿಗೆ ಸಿಕ್ಕಿಸುವ ಅಗ್ಗದ ಅಡಾಪ್ಟರ್‌ಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಹೊರಹೋಗುವ ದನಿ ಒಳಬರುವ ತಂತಿಗೆ ಸೋರುವುದರಿಂದ, ಹಳೆಯ ಲೂಪ್ ಹೊಸ ಪದರದೊಳಗೂ ದಾಖಲಾಗುತ್ತದೆ. ಗೇನ್ ಸ್ವಲ್ಪ ಏರಿಸಿದರೆ ಕಿರುಚಾಟವೇ ಶುರುವಾಗುತ್ತದೆ. ಬ್ಲೂಟೂತ್ ಸ್ಪೀಕರ್ ಮತ್ತು ಹೆಡ್‌ಫೋನ್‌ಗಳೂ ಈ ಕೆಲಸಕ್ಕೆ ಬಾರವು, ಏಕೆಂದರೆ ಅವುಗಳ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡನ್ನೂ ದಾಟುತ್ತದೆ.

ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಬಫರ್, ಅಂದರೆ ಆ್ಯಪ್ ಒಮ್ಮೆಗೆ ಎತ್ತಿಕೊಳ್ಳುವ ದನಿಯ ತುಣುಕು, 128 ಸ್ಯಾಂಪಲ್ (ದನಿಯ ಬಿಡಿ ಅಳತೆ) ಇರಲಿ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ದರದಲ್ಲಿ ಇದು ಸುಮಾರು 2.7 ಮಿಲಿಸೆಕೆಂಡ್ ಆಗುತ್ತದೆ. ಹೋಗಿ ಬರುವ ಎರಡೂ ದಾರಿ ಮತ್ತು ಇಂಟರ್‌ಫೇಸ್‌ನ ಒಳಗಿನ ಪರಿವರ್ತನೆ ಸೇರಿ ಒಟ್ಟು ವಿಳಂಬ ಹತ್ತು ಮಿಲಿಸೆಕೆಂಡಿನ ಹತ್ತಿರ ನಿಂತರೂ ಚಿಂತೆಯಿಲ್ಲ. ಆಂಪ್‌ನಿಂದ ಮೂರೂವರೆ ಮೀಟರ್ ದೂರ ನಿಂತು ನುಡಿಸುವವರು ಗಾಳಿಯಲ್ಲಿಯೇ ಅಷ್ಟು ವಿಳಂಬವನ್ನು ಸಹಿಸುತ್ತಾರೆ. ದನಿ ಚಿಟಪಟ ಎಂದರೆ 256ಕ್ಕೆ ಏರಿಸಿ.

ಇಲ್ಲೇ ಒಂದು ದೂರು ಹೆಚ್ಚಾಗಿ ಕೇಳಿಬರುತ್ತದೆ: ಒಂದೇ ಮೀಟಿಗೆ ಎರಡು ದನಿ. ಇಂಟರ್‌ಫೇಸ್‌ನ ‘ಡೈರೆಕ್ಟ್ ಮಾನಿಟರ್’ ವಾದ್ಯದ ದನಿಯನ್ನು ನೇರವಾಗಿ ಹೊರಗೆ ಕಳಿಸುತ್ತಿರುತ್ತದೆ, ಆ್ಯಪ್ ಅದನ್ನೇ ತುಸು ತಡವಾಗಿ ಮತ್ತೊಮ್ಮೆ ಕಳಿಸುತ್ತಿರುತ್ತದೆ. ಎರಡರಲ್ಲಿ ಒಂದನ್ನು ಮುಚ್ಚಲೇಬೇಕು. ಆ್ಯಪ್‌ನ ಎಫೆಕ್ಟ್‌ಗಳು ಬೇಕೆಂದರೆ ಡೈರೆಕ್ಟ್ ಮಾನಿಟರ್ ಮುಚ್ಚಿ. ಸಾದಾ ದನಿಯಲ್ಲಿ ಲೂಪ್ ಮಾಡುವವರು ಅದನ್ನು ತೆರೆದು ಆ್ಯಪ್‌ನ ಇನ್‌ಪುಟ್ ಮಾನಿಟರ್ ಮುಚ್ಚಿ. ಎರಡನೆಯದೇ ಬೆರಳಿಗೆ ಹಿತವೆಂಬುದು ನನ್ನ ಅನುಭವ. ಆ್ಯಪ್‌ನಲ್ಲಿ ಲೇಟೆನ್ಸಿ (ವಿಳಂಬ) ತಿದ್ದುಪಡಿ ಇದ್ದರೆ, ತಂತಿಗಳನ್ನು ಅಂಗೈಯಿಂದ ಅದುಮಿ ಮೆಟ್ರೊನೋಮ್‌ನ ಪ್ರತಿ ಟಿಕ್ಕಿಗೂ ಒಂದೊಂದು ಟಕ್ ನುಡಿಸಿ ದಾಖಲಿಸಿ. ಮರುಸುತ್ತಿನಲ್ಲಿ ಟಕ್ ಟಿಕ್ಕಿನ ಮೇಲೆಯೇ ಕೂರುವವರೆಗೆ ಅಂಕೆಯನ್ನು ಬದಲಿಸುತ್ತ ಹೋಗಿ.

ಇನ್ನು ಆಂಪ್. ಗಿಟಾರ್ ಆಂಪ್‌ನ ಮುಂಬದಿಯ ಇನ್‌ಪುಟ್ ಪಿಕಪ್‌ನ ಕ್ಷೀಣ ಸಂಕೇತಕ್ಕೆಂದು ರೂಪಿಸಿದ್ದು. ಇಂಟರ್‌ಫೇಸ್‌ನ ಔಟ್‌ಪುಟ್ ಅದಕ್ಕಿಂತ ಬಹಳ ಬಲವಾದ ಲೈನ್ ಮಟ್ಟದ್ದು. ಒಬ್ಬ ಹುಡುಗ ಇದನ್ನು ಅರಿಯದೆ ಮುಂಬದಿಯ ಇನ್‌ಪುಟ್‌ಗೇ ಸಿಕ್ಕಿಸಿ, ಡಿಸ್ಟಾರ್ಷನ್ ಚಾನಲ್‌ನಲ್ಲಿ ಡ್ರಮ್, ಬೇಸ್ ಮತ್ತು ಕಾರ್ಡ್‌ಗಳ ಮೂರು ಪದರ ಹಾಕಿದ. ಮೊದಲ ಪದರ ಚೆನ್ನಾಗಿಯೇ ಇತ್ತು. ಎರಡನೆಯದು ಬಂದಾಗ ಡ್ರಮ್‌ನ ಪ್ರತಿ ಪೆಟ್ಟಿಗೂ ಬೇಸ್ ಅದುರಿತು. ಮೂರನೆಯದಕ್ಕೆ ಯಾವುದು ಯಾವುದೆಂದು ತಿಳಿಯದ ಕಲಸುಮೇಲೋಗರವಾಯಿತು. ಅವನು ಆ್ಯಪ್ಪನ್ನು ಬೈದ. ತಪ್ಪು ಆ್ಯಪ್‌ನದಲ್ಲ: ಬೇರೆ ಬೇರೆಯಾಗಿ ಒಡೆಯಬೇಕಾದ ದನಿಗಳನ್ನು ಆಂಪ್‌ನ ಮೊದಲ ಹಂತವಾದ ಪ್ರಿಆಂಪ್ ಒಟ್ಟಿಗೆ ಒಡೆಯುತ್ತಿತ್ತು.

ಆದ್ದರಿಂದ ಆಂಪ್‌ನ ಹಿಂಬದಿಯಲ್ಲಿ ‘ಎಫೆಕ್ಟ್ಸ್ ರಿಟರ್ನ್’ ಎಂಬ ಜ್ಯಾಕ್ ಇದೆಯೇ ನೋಡಿ. ಅದು ಪ್ರಿಆಂಪನ್ನು ದಾಟಿಸಿ ಸಂಕೇತವನ್ನು ಸ್ಪೀಕರ್ ನಡೆಸುವ ಪವರ್ ಆಂಪ್‌ಗೆ ತಲುಪಿಸುತ್ತದೆ. ಆದರೆ ಕೆಲವು ಆಂಪ್‌ಗಳಲ್ಲಿ ಮಾಸ್ಟರ್ ವಾಲ್ಯೂಮ್ ಈ ಜ್ಯಾಕಿಗಿಂತ ಮೊದಲೇ ಬರುವುದರಿಂದ, ಅದನ್ನು ಸೊನ್ನೆಯಲ್ಲಿಟ್ಟರೂ ಸ್ಪೀಕರ್ ಪೂರ್ಣ ಶಕ್ತಿಯಲ್ಲಿ ಅಬ್ಬರಿಸಬಹುದು. ಹಾಗಾಗಿ ಇಂಟರ್‌ಫೇಸ್‌ನ ಔಟ್‌ಪುಟ್ ಗುಂಡಿಯನ್ನು ಪೂರ್ತಿ ಇಳಿಸಿಟ್ಟೇ ಕೇಬಲ್ ಸಿಕ್ಕಿಸಿ, ಆಮೇಲೆ ಅದೊಂದರಿಂದಲೇ ದನಿ ಏರಿಸಿ. ಆ್ಯಪ್‌ನಲ್ಲಿ ಆಂಪ್ ಸಿಮ್ಯುಲೇಟರ್ (ಆಂಪ್‌ನ ದನಿಯ ನಕಲು) ಬಳಸುತ್ತಿದ್ದರೆ ಅದರ ಕ್ಯಾಬಿನೆಟ್ ಭಾಗವನ್ನು, ಅಂದರೆ ಸ್ಪೀಕರ್ ಪೆಟ್ಟಿಗೆಯ ನಕಲನ್ನು, ಆಫ್ ಮಾಡಿ. ನಿಜವಾದ ಸ್ಪೀಕರ್ ಎದುರಿಗೇ ಇರುವಾಗ ಇನ್ನೊಂದರ ನಕಲು ಸೇರಿದರೆ ದನಿ ಮಂಕಾಗುತ್ತದೆ. ರಿಟರ್ನ್ ಇಲ್ಲದಿದ್ದರೆ ‘ಆಕ್ಸ್ ಇನ್’ ಬಳಸಿ. ಅದೂ ಇಲ್ಲವೆಂದಾಗ ಮಾತ್ರ ಮುಂಬದಿಯ ಇನ್‌ಪುಟ್‌ಗೆ, ಕ್ಲೀನ್ ಚಾನಲ್‌ನಲ್ಲಿ, ಗೇನ್ ತೀರ ಇಳಿಸಿ ಹಾಕಿ. ಸ್ಪೀಕರ್‌ಗೆ ಹೋಗುವ ಔಟ್‌ಪುಟ್ ಜ್ಯಾಕಿಗೆ ಮಾತ್ರ ಇಂಟರ್‌ಫೇಸ್‌ನ ಕೇಬಲ್ ಎಂದಿಗೂ ಸೇರಕೂಡದು, ಇಂಟರ್‌ಫೇಸ್ ಸುಟ್ಟುಹೋಗುತ್ತದೆ.

ಗಿಟಾರ್ ಆಂಪ್ ಮೋನೊ ಆದ್ದರಿಂದ ಇಂಟರ್‌ಫೇಸ್‌ನ ಎಡ ಔಟ್‌ಪುಟ್ ಒಂದೇ ಸಾಕು. ಬಲಬದಿಯಲ್ಲಿ ಮಾತ್ರ ಇರುವ ದನಿಗಳು ಕಳೆದುಹೋಗದಂತೆ ಆ್ಯಪ್‌ನಲ್ಲಿ ಎಲ್ಲ ಟ್ರ್ಯಾಕ್‌ಗಳನ್ನೂ ನಡುವಿಗೆ ತನ್ನಿ. ಎಡ-ಬಲಗಳನ್ನು ವೈ ಕೇಬಲ್‌ನಿಂದ ಒಂದುಗೂಡಿಸುವ ಅಡ್ಡದಾರಿ ಬೇಡ, ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ಎದುರಾಗಿ ಜಗ್ಗಾಡುತ್ತವೆ. ಇಂಟರ್‌ಫೇಸ್‌ನ ಹೆಡ್‌ಫೋನ್ ಜ್ಯಾಕಿನಿಂದ ಸಾದಾ ಗಿಟಾರ್ ಕೇಬಲ್ ಎಳೆಯುವುದೂ ಸಲ್ಲದು, ಅದರಿಂದ ಬಲ ಚಾನಲ್ ಶಾರ್ಟ್ ಆಗುತ್ತದೆ.

ಆಂಪ್ ಹಾಕಿದೊಡನೆ ಗುಂಯ್ ಎಂಬ ಸದ್ದು ಹಿಡಿದರೆ ಮೊದಲು ಫೋನಿನ ಅಥವಾ ಹಬ್ಬಿನ ಚಾರ್ಜರನ್ನು ಗೋಡೆಯಿಂದ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಬೇರೆ ಬೇರೆ ದಾರಿಯಲ್ಲಿ ಅರ್ಥ್ ಆದ ಸಲಕರಣೆಗಳ ನಡುವೆ ಸುತ್ತುವ ವಿದ್ಯುತ್ತು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ, ಅದಕ್ಕೂ ಬಗ್ಗದಿದ್ದರೆ ಇಂಟರ್‌ಫೇಸ್ ಮತ್ತು ಆಂಪ್‌ಗಳ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. ಆಂಪ್‌ನೊಳಗೆ ಏನಾದರೂ ಕೆಟ್ಟ ದಿನ ಗಿಟಾರ್‌ನ ತಂತಿಗಳಲ್ಲಿಯೇ ವಿದ್ಯುತ್ ಹರಿಯುತ್ತದೆ.

ಕೆಲಸ ಮುಗಿದ ಮೇಲೆ ಮೊದಲು ಆಂಪ್ ಆಫ್ ಮಾಡಿ, ಆನಂತರವೇ ಇಂಟರ್‌ಫೇಸ್‌ನ ಯುಎಸ್‌ಬಿ ತೆಗೆಯಿರಿ. ಕ್ರಮ ತಪ್ಪಿದರೆ ಸ್ಪೀಕರ್‌ನಿಂದ ಧಡ್ ಎಂಬ ಹೊಡೆತ ಬರುತ್ತದೆ.